‘ಫುಲ್ ಇನ್ಶೂರೆನ್ಸ್’ ಅಂದ ಮಾತ್ರಕ್ಕೆ ಎಲ್ಲ ಸೇರಿರುವುದಿಲ್ಲ

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ (1197 ಸಿಸಿ) 4 ವರ್ಷ ತುಂಬಿದೆ, ಒಂದೂ ಕ್ಲೇಮ್ ಮಾಡಿಲ್ಲ. ರಿನ್ಯೂವಲ್‌ಗೆ ಶೋರೂಮಿನವರು ‘ಬಂಪರ್ ಟು ಬಂಪರ್’ ಸೇರಿಸಿ 15,200 ರೂಪಾಯಿ ಹೇಳುತ್ತಿದ್ದಾರೆ. ಆನ್‌ಲೈನ್‌ನಲ್ಲಿ ‘ಫುಲ್ ಇನ್ಶೂರೆನ್ಸ್’ 9,800ಕ್ಕೆ ಸಿಗುತ್ತಿದೆ. ಸುಮ್ನೆ ಜಾಸ್ತಿ ಯಾಕೆ ಕೊಡಬೇಕು? ಎರಡೂ ಕೊಟೇಶನ್ ಕಳಿಸಿದ್ದೇನೆ. ಮನೆ ಬೆಳ್ಳಂದೂರು ಹತ್ತಿರ, ಕಾರು ಬೇಸ್‌ಮೆಂಟ್‌ನಲ್ಲಿ ನಿಲ್ಲುತ್ತದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಟೇಶನ್ ಕಳಿಸಿದ್ದು ಒಳ್ಳೆಯದಾಯಿತು. ಎರಡನ್ನೂ ನೋಡಿದೆ. ಈಗಿರುವ ಹಾಗೆ ಎರಡೂ ಬೇಡ.

ಮೊದಲು ಐಡಿವಿ ನೋಡಿ, ಅಂದರೆ ಪಾಲಿಸಿಯಲ್ಲಿ ನಿಮ್ಮ ಕಾರಿಗೆ ಹಾಕಿರುವ ಬೆಲೆ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ. 75 ದಾಟುವಷ್ಟು ಜಖಂ ಆದರೆ, ನಿಮ್ಮ ಕೈಗೆ ಬರುವ ದುಡ್ಡಿನ ಲೆಕ್ಕ ಅದೇ. ಶೋರೂಮಿನವರು 4 ಲಕ್ಷ ಹಾಕಿದ್ದಾರೆ, ಅದು ಸರಿಯಾಗಿದೆ. ಇದೇ ಮಾಡೆಲ್ ಈಗ ಹೊಸದಾಗಿ 8 ಲಕ್ಷ ಅಂದಿರಿ, 4 ವರ್ಷ ದಾಟಿದ ಕಾರಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಆನ್‌ಲೈನ್‌ನವರು 3.1 ಲಕ್ಷ ಹಾಕಿದ್ದಾರೆ. ಪ್ರೀಮಿಯಂ ಕಡಿಮೆ ಕಾಣಿಸಲು ಅದೂ ಒಂದು ಕಾರಣ. ನಾಳೆ ಕಾರು ಕಳುವಾದರೆ 90 ಸಾವಿರ ಹೋಯಿತು, ಅಲ್ವಾ? ಅಲ್ಲೇ ಐಡಿವಿಯನ್ನು ಏರಿಸುವ ಅವಕಾಶ ಇರುತ್ತದೆ. ಏರಿಸಿ, ಆಮೇಲೆ ರೇಟು ಹೋಲಿಸಿ.

ಇನ್ನು ಬಂಪರ್ ಟು ಬಂಪರ್, ಅಂದರೆ ಜೀರೋ ಡೆಪ್: ಬದಲಾಯಿಸಿದ ಬಿಡಿಭಾಗಗಳಿಗೆ ಸವಕಳಿ ಕಳೆಯದೆ ದುಡ್ಡು ಕೊಡುವ ಕವರ್. ಇದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧ ದುಡ್ಡು ಮಾತ್ರ. ನಿಮ್ಮ ಕಾರಿನ ವಯಸ್ಸಿಗೆ ಲೋಹದ ಭಾಗಗಳಿಗೆ ಶೇ. 35 ಕಡಿತ. ಗಾಜಿಗೆ ಮಾತ್ರ ಕಡಿತವಿಲ್ಲ. ಮುಂದಿನ ಬಂಪರ್ 9,000 ಅಂದುಕೊಳ್ಳಿ. ಅರ್ಧ ಹೋಗಿ 4,500, ಅದರಲ್ಲಿ ಪ್ರತಿ ಕ್ಲೇಮ್‌ಗೂ ನಾವೇ ಹೊರಬೇಕಾದ 1,000 ಕಳೆದು 3,500 ಬರುತ್ತದೆ. ಉಳಿದ 5,500 ನಿಮ್ಮ ಜೇಬಿನಿಂದ. ಜೀರೋ ಡೆಪ್ ಇದ್ದರೆ ಆ 1,000, ಜೊತೆಗೆ ಕ್ಲಿಪ್ಪು ಸ್ಕ್ರೂ ಥರದ ಚಿಲ್ಲರೆ ಸಾಮಾನಿನ ಖರ್ಚು ಮಾತ್ರ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಓಡಿಸುವವರಿಗೆ ಇದು ಬೇಕು. ಎಷ್ಟೋ ಕಂಪನಿಗಳು 5 ವರ್ಷದ ನಂತರ ಇದನ್ನು ಕೊಡುವುದಿಲ್ಲ, ಆದ್ದರಿಂದ ಸಿಗುವಾಗ ತೆಗೆದುಕೊಳ್ಳಿ.

ಆದರೆ ನನಗೆ ನಿಜವಾಗಿ ಚಿಂತೆಯಾದದ್ದು ನಿಮ್ಮ ಬೇಸ್‌ಮೆಂಟ್ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಕಡೆ ಎಷ್ಟು ನೀರು ನಿಂತಿತ್ತು ಅಂತ ನಿಮಗೇ ಗೊತ್ತು. ನೀವು ಕಳಿಸಿದ ಎರಡೂ ಕೊಟೇಶನ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಇಲ್ಲ. ಮಾಮೂಲಿ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ, ನಿಜ. ಸೀಟು, ವೈರಿಂಗ್, ಕಾರ್ಪೆಟ್ ಎಲ್ಲ ಬರುತ್ತದೆ. ಆದರೆ ನೀರು ನುಗ್ಗಿದ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ‘ಇದು ಪ್ರವಾಹದಿಂದ ನೇರವಾಗಿ ಆದದ್ದಲ್ಲ’ ಅಂತ ಕ್ಲೇಮ್ ತಳ್ಳಿಹಾಕುತ್ತಾರೆ. ನಾನು ವಿಮೆ ಕ್ಲೇಮ್‌ಗಳ ಹಾನಿ ಅಂದಾಜು ಮಾಡುವ ಸರ್ವೇಯರ್ ಆಗಿದ್ದಾಗ ಅಂಥದೊಂದು ಕಾರು ನೋಡಿದ್ದೆ. ಡೋರಿನ ಮೇಲೆ ಗಾಜಿನ ಕೆಳಗಿನವರೆಗೂ ಕೆಸರಿನ ಗೆರೆ. ಏರ್ ಫಿಲ್ಟರ್ ಬಿಚ್ಚಿದರೆ ಅದರ ಕಾಗದದ ಮಡಿಕೆಗಳಲ್ಲಿ ಮಣ್ಣು ಮೆತ್ತಿಕೊಂಡಿತ್ತು. ಒಳಗೆ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗಿತ್ತು. ‘ಸರ್, ಒಂದೇ ಸಲ ಕೀ ತಿರುಗಿಸಿದೆ’ ಅಂದರು ಪಾಪ ಅವರು. ಎಂಜಿನ್ ಬಿಲ್ ಲಕ್ಷ ದಾಟಿತು, ಪಾಲಿಸಿಯಿಂದ ಅದಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ದಯವಿಟ್ಟು ಈ ಕವರ್ ಸೇರಿಸಿಕೊಳ್ಳಿ. ಸೇರಿಸಿದ ಮೇಲೂ ನೀರು ನಿಂತರೆ ಕೀ ಮುಟ್ಟಬೇಡಿ. ನೀರಿನ ಮಟ್ಟದ ಫೋಟೋ ತೆಗೆದು, ಕಂಪನಿಗೆ ಫೋನ್ ಮಾಡಿ, ಟೋ ಮಾಡಿಸಿ.

ಹಾಗಾಗಿ ಐಡಿವಿ 4 ಲಕ್ಷ, ಜೀರೋ ಡೆಪ್, ಎಂಜಿನ್ ಪ್ರೊಟೆಕ್ಷನ್, ಈ ಮೂರೂ ಹಾಕಿಸಿ ಎರಡು ಕಡೆಯೂ ಹೊಸ ಕೊಟೇಶನ್ ಕೇಳಿ. ಕ್ಲೇಮ್ ಇಲ್ಲದ 4 ವರ್ಷಕ್ಕೆ ಓನ್ ಡ್ಯಾಮೇಜ್ (ನಿಮ್ಮದೇ ಕಾರಿನ ಹಾನಿಯ) ಪ್ರೀಮಿಯಂನಲ್ಲಿ ಶೇ. 45 ನೋ ಕ್ಲೇಮ್ ಬೋನಸ್ ಬರಬೇಕು, ಅದನ್ನೂ ನೋಡಿಕೊಳ್ಳಿ. ಮೂರು ನಾಲ್ಕು ಸಾವಿರದ ಗೀರಿಗೆಲ್ಲ ಕ್ಲೇಮ್ ಮಾಡಿ ಆ ಬೋನಸ್ ಕಳೆದುಕೊಳ್ಳಬೇಡಿ. ಹೊರಗೆ ಪೇಂಟ್ ಮಾಡಿಸಿದರೇ ಲಾಭ.

ಪ್ರಶ್ನೆ: 12 ವರ್ಷ ಹಳೆಯ 796 ಸಿಸಿ ಕಾರು. ಪೇಟೆಗೆ, ತೋಟಕ್ಕೆ ಅಷ್ಟೇ ಓಡಾಟ. ಥರ್ಡ್ ಪಾರ್ಟಿ ಮಾತ್ರ ಸಾಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಾಕು. 2022ರಲ್ಲಿ ನಿಗದಿಯಾದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಮೇಲೆ ಜಿಎಸ್‌ಟಿ. ನಿಮ್ಮ ಕಾರಿನಿಂದ ಬೇರೆಯವರ ಜೀವಕ್ಕೆ ಅಪಾಯವಾದರೆ ಕೋರ್ಟು ಹೇಳಿದ ಪರಿಹಾರ ಎಷ್ಟೇ ಇರಲಿ ಕಂಪನಿ ಕೊಡುತ್ತದೆ, ಅವರ ಆಸ್ತಿಗೆ 7.5 ಲಕ್ಷದವರೆಗೆ. ಜೊತೆಗೆ ಮಾಲೀಕ-ಚಾಲಕರ 15 ಲಕ್ಷದ ಅಪಘಾತ ವಿಮೆ ಬೇರೆ ಎಲ್ಲೂ ಇಲ್ಲದಿದ್ದರೆ ಇದರಲ್ಲೇ ಮಾಡಿಸಿ, ಕೆಲವು ನೂರು ರೂಪಾಯಿಯ ಮಾತು. ಆದರೆ ಮಳೆಗಾಲದಲ್ಲಿ ಮರ ಬಿದ್ದು ಕಾರು ಜಜ್ಜಿದರೆ ಥರ್ಡ್ ಪಾರ್ಟಿಯಲ್ಲಿ ಏನೂ ಬರುವುದಿಲ್ಲ. ರಾತ್ರಿ ಕಾರು ನಿಲ್ಲಿಸುವ ಜಾಗದ ಮೇಲೆ ಒಣಗಿದ ಕೊಂಬೆ ಇದ್ದರೆ ಜೂನ್‌ಗೆ ಮೊದಲೇ ಕಡಿಸಿಬಿಡಿ.