ಉಬುಂಟುವಿನ ಪೈಥಾನ್ ಅನ್ನು ಉಬುಂಟುವಿಗೇ ಬಿಡಿ

ಉಬುಂಟು 22.04 ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿರುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 3.10 ತೆಗೆದುಹಾಕಿ, 3.12 ಒಂದನ್ನೇ ಇಟ್ಟುಕೊಳ್ಳುವುದು ಹೇಗೆ, ಅದಕ್ಕೆ ಬೇರೆ ಆವೃತ್ತಿಯ ಪೈಥಾನ್ ಹಾಕಿಕೊಡುವ ಸಾಧನಗಳಲ್ಲಿ ಪೈಎನ್ವ್ ಒಳ್ಳೆಯದೋ ಕೋಂಡಾ ಒಳ್ಳೆಯದೋ ಎಂದು ಕೇಳಿದ್ದೀರಿ. ದಯವಿಟ್ಟು 3.10 ತೆಗೆಯಬೇಡಿ. ನಾನು ತೆಗೆದು ಅನುಭವಿಸಿದ್ದೇನೆ.

ಆಗ ನನ್ನಲ್ಲಿ ಇದ್ದದ್ದು ಉಬುಂಟು 18.04, ಅದರ ಜೊತೆಗೆ ಬಂದ ಪೈಥಾನ್ 3.6. ಕೆಲಸಕ್ಕೆ 3.8 ಬೇಕಾಯಿತು, ಹಾಕಿಕೊಂಡೆ. ಅಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ. ಆದರೆ ಪೈಥಾನ್3 ಎಂದು ಟೈಪ್ ಮಾಡಿದರೆ 3.6 ಬರುತ್ತಿತ್ತು. ಪ್ರತಿ ಸಲವೂ 3.8 ಎಂದು ಪೂರ್ತಿ ಬರೆಯಲು ಬೇಸರವಾಗಿ, ಪೈಥಾನ್3 ಎಂಬ ಸಿಸ್ಟಮ್ ಲಿಂಕ್ (ಆ ಹೆಸರು ಯಾವ ಆವೃತ್ತಿಗೆ ಹೋಗಬೇಕೆಂದು ತೋರಿಸುವ ಫೈಲ್) ಅನ್ನೇ 3.8ಕ್ಕೆ ತಿರುಗಿಸಿಬಿಟ್ಟೆ. ಎಲ್ಲ ಅನಾಹುತದ ಬೇರು ಇದೊಂದೇ ಹೆಜ್ಜೆ.

ಕಂಪ್ಯೂಟರ್ ಮತ್ತೆ ಚಾಲೂ ಮಾಡಿದಾಗ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯಲಿಲ್ಲ. ತಪ್ಪೇನೆಂದು ಹೇಳುವ ಸಂದೇಶವೂ ಇಲ್ಲ. ಕಾರಣ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಉಬುಂಟು 18.04ರಲ್ಲಿ ಗ್ನೋಮ್ ಟರ್ಮಿನಲ್ ಅನ್ನು ಶುರುಮಾಡುವ ಫೈಲ್ ಒಂದು ಪೈಥಾನ್ ಸ್ಕ್ರಿಪ್ಟ್. ಅದರ ಮೊದಲ ಸಾಲು ಕರೆಯುವುದು ಪೈಥಾನ್3 ಅನ್ನು. ಒಳಗೆ ಬೇಕಾಗುವ ಜಿಐ ಎಂಬ ಮಾಡ್ಯೂಲಿನ ತಿರುಳು ಸಿ ಭಾಷೆಯಲ್ಲಿ ಬರೆದು 3.6ಕ್ಕಾಗಿಯೇ ಕಂಪೈಲ್ ಮಾಡಿದ್ದು. ಆ ಫೈಲಿನ ಹೆಸರಿನಲ್ಲೇ 36 ಎಂದಿದೆ. 3.8 ತನ್ನ ಸಂಖ್ಯೆಯ ಫೈಲನ್ನು ಹುಡುಕುತ್ತದೆ, ಸಿಗದೆ ನಿಂತುಬಿಡುತ್ತದೆ. ಹೊಸ ರೆಪಾಸಿಟರಿ (ಪ್ಯಾಕೇಜುಗಳ ಭಂಡಾರ) ಸೇರಿಸುವ ಆಜ್ಞೆ ಬಳಸುವ ಆಪ್ಟ್ ಪ್ಯಾಕೇಜ್ ಮಾಡ್ಯೂಲಿನದೂ ಇದೇ ಕಥೆ. ಉಬುಂಟು ತನ್ನ ಮನೆಗೆಲಸಕ್ಕೆ ಇಟ್ಟುಕೊಂಡ ಪೈಥಾನ್ ಅದು, ನಮ್ಮ ಕೋಡ್ ಓಡಿಸಲೆಂದು ಕೊಟ್ಟದ್ದಲ್ಲ.

ಇದು ತಿಳಿಯದೆ, ಎರಡು ಪೈಥಾನ್‌ಗಳು ಜಗಳವಾಡುತ್ತಿವೆ ಎಂದುಕೊಂಡು, ಎಡಿಟರ್‌ನೊಳಗಿನ ಟರ್ಮಿನಲ್‌ನಿಂದ 3.6 ತೆಗೆಯಲು ಹೇಳಿದೆ. ತೆಗೆಯಲಾಗುವ ಪ್ಯಾಕೇಜುಗಳ ಪಟ್ಟಿ ಪರದೆ ತುಂಬ ಬಂತು. ಉಬುಂಟು ಡೆಸ್ಕ್‌ಟಾಪ್ ಕೂಡ ಅದರಲ್ಲಿತ್ತು. ಓದದೆ ಒಪ್ಪಿಗೆ ಕೊಟ್ಟೆ. ಮುಂದಿನ ಸಲ ಕಂಡದ್ದು ಕಪ್ಪು ಪರದೆ ಮತ್ತು ಲಾಗಿನ್ ಕೇಳುವ ಒಂದು ಸಾಲು. ಕೊನೆಗೆ ಉಬುಂಟುವನ್ನೇ ಹೊಸದಾಗಿ ಹಾಕಬೇಕಾಯಿತು. ಕೋಡ್ ಗಿಟ್‌ನಲ್ಲಿತ್ತು, ಉಳಿಯಿತು. ಪರೀಕ್ಷೆಗೆಂದು ತುಂಬಿಸಿಟ್ಟ ಡೇಟಾಬೇಸ್ ಹೋಯಿತು.

ಆದ್ದರಿಂದ ಇಡೀ ಕಂಪ್ಯೂಟರಿಗೆ ಒಂದೇ ಪೈಥಾನ್ ಇರಬೇಕೆಂಬ ನಿಮ್ಮ ಅಪೇಕ್ಷೆಯನ್ನೇ ನಾನು ಒಪ್ಪುವುದಿಲ್ಲ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಇರಲಿ. ನನಗೆ ಬೇಕಿದ್ದದ್ದು ಚಿಕ್ಕ ಹೆಸರು ಮಾತ್ರ. ಅದನ್ನು ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗಷ್ಟೇ ಮೀಸಲಾದ ಪೈಥಾನ್ ಫೋಲ್ಡರ್) ಕೊಡುತ್ತದೆ: 3.12ರಿಂದ ಅದನ್ನು ರಚಿಸಿ ಸಕ್ರಿಯಗೊಳಿಸಿದರೆ, ಆ ಟರ್ಮಿನಲ್‌ನಲ್ಲಿ ಪೈಥಾನ್3 ಎಂದರೆ 3.12, ಹೊರಗೆ ಎಲ್ಲ ಮೊದಲಿನಂತೆ. 2012ರಲ್ಲಿ ಬಂದ ಪೈಥಾನ್ 3.3ರಿಂದಲೂ ಈ ಸೌಲಭ್ಯವಿದೆ.

3.12 ತರುವುದಕ್ಕೆ ಪೈಎನ್ವ್ ಸಾಕು. ಎಲ್ಲವನ್ನೂ ಹೋಮ್ ಫೋಲ್ಡರ್‌ನಲ್ಲೇ ಇಡುತ್ತದೆ. ಮೂಲ ಕೋಡಿನಿಂದ ಕಂಪೈಲ್ ಮಾಡುವುದರಿಂದ ಓಪನ್ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಲೈಬ್ರರಿ) ಮೊದಲಾದವುಗಳ ಡೆವಲಪ್‌ಮೆಂಟ್ ಪ್ಯಾಕೇಜುಗಳನ್ನು ಮೊದಲೇ ಹಾಕಿಕೊಳ್ಳಿ, ಇಲ್ಲವಾದರೆ ಅರ್ಧದಲ್ಲಿ ನಿಲ್ಲುತ್ತದೆ. ನಾನು ಈಗ ಬಳಸುವುದು ಯುವಿ ಎಂಬ ಇನ್ನೊಂದು ಸಾಧನ; ಸಿದ್ಧ ಪೈಥಾನ್ ಅನ್ನೇ ಇಳಿಸಿಕೊಳ್ಳುವುದರಿಂದ ಬೇಗ ಮುಗಿಯುತ್ತದೆ. ಕೋಂಡಾ ಬೇಕಾದರೆ ಬಳಸಿ, ನನಗೆ ಅದರ ಅಗತ್ಯ ಬಿದ್ದಿಲ್ಲ. ಆದರೆ ಸುಡೋ (ಆಡಳಿತಗಾರನ ಅಧಿಕಾರ ಕೊಡುವ ಆಜ್ಞೆ) ಸೇರಿಸಿ ಪಿಪ್ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಸಾಧನ) ಓಡಿಸುವುದನ್ನು ಇಂದೇ ಬಿಡಿ. ಉಬುಂಟು 23.04ರಿಂದ ಸಿಸ್ಟಮ್ ಪೈಥಾನಿಗೆ ಪಿಪ್ ಮೂಲಕ ಏನನ್ನಾದರೂ ಹಾಕಹೋದರೆ ಪಿಪ್ ತಾನೇ ತಡೆಯುತ್ತದೆ. 22.04ರಲ್ಲಿ ಆ ತಡೆ ಇಲ್ಲ, ನೀವೇ ಎಚ್ಚರವಾಗಿರಬೇಕು.

ಲಿಂಕ್ ಈಗಾಗಲೇ ಬದಲಿಸಿದ್ದರೆ ಗಾಬರಿ ಬೇಡ, ಏನನ್ನೂ ಅಳಿಸಲೂ ಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಅಕ್ಷರಗಳ ಪರದೆ ಬರುತ್ತದೆ. ಅಲ್ಲಿ ಲಾಗಿನ್ ಆಗಿ ಲಿಂಕ್ ಅನ್ನು 3.10ಕ್ಕೆ ಮರಳಿಸಿದರೆ ಟರ್ಮಿನಲ್ ಮತ್ತೆ ತೆರೆಯುತ್ತದೆ.