ಓದುಗರ ಪ್ರಶ್ನೆ: ಇರಿಡಿಯಂ ಇಲ್ಲದೆ ಹೈಡ್ರೋಜನ್

ಪ್ರಶ್ನೆ: ನೀರು ಒಡೆದು ಹೈಡ್ರೋಜನ್ ತೆಗೆಯಲಿಕ್ಕೆ ಪ್ಲಾಟಿನಂ, ಇರಿಡಿಯಂ ಬೇಕು ಅಂತ ಪುಸ್ತಕದಾಗ ಅದ. ಕಡಿಮೆ ಖರ್ಚಿನ ವೇಗವರ್ಧಕ ನಮ್ಮ ಲ್ಯಾಬಿನಾಗೇ ಮಾಡಬಹುದೇನ್ರಿ?
– ಬಿಎಸ್ಸಿ ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಮಾಡಬಹುದು. ಇರಿಡಿಯಂ ಬೇಕಾಗುವುದು ಆಮ್ಲೀಯ ಪೊರೆ ಇರುವ ಪಿಇಎಂ (ಪ್ರೋಟಾನ್ ವಿನಿಮಯ ಪೊರೆ) ಯಂತ್ರಗಳಿಗೆ. ಅಲ್ಲಿನ ಧನಾಗ್ರದಲ್ಲಿ ಅಗ್ಗದ ಲೋಹಗಳು ಕರಗಿ ಹೋಗುತ್ತವೆ. ಕ್ಷಾರದ ದ್ರಾವಣವಾದರೆ ನಿಕಲ್ ತಡೆದುಕೊಳ್ಳುತ್ತದೆ, ಅದಕ್ಕೆ ತುಸು ಕಬ್ಬಿಣ ಕೂಡಿದರೆ ಕೆಲಸ ಇನ್ನೂ ಚುರುಕು.

2×2 ಸೆಂ.ಮೀ. ನಿಕಲ್ ಜಾಲರಿ ತಗೊಳ್ಳಿ. ಮೊದಲು ಅಸಿಟೋನ್‌ನಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಆಮೇಲೆ ಒಂದು ಪಾಲು ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೂರು ಪಾಲು ನೀರಿಗೆ ಸುರಿದು, ಅದರಲ್ಲಿ ಜಾಲರಿಯನ್ನು 10 ನಿಮಿಷ ಇಟ್ಟು ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ. 50 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 0.22 ಗ್ರಾಂ ನಿಕಲ್ ನೈಟ್ರೇಟ್ (ಹೆಕ್ಸಾಹೈಡ್ರೇಟ್), 0.10 ಗ್ರಾಂ ಫೆರಿಕ್ ನೈಟ್ರೇಟ್ (ನೋನಾಹೈಡ್ರೇಟ್) ಹಾಕಿ. ಜಾಲರಿ ಮೈನಸ್‌ಗೆ, ಗ್ರಾಫೈಟ್ ಕಡ್ಡಿ ಪ್ಲಸ್‌ಗೆ. 40 ಮಿಲಿಆಂಪಿಯರ್, 5 ನಿಮಿಷ. ಜಾಲರಿಯ ಹತ್ತಿರ ನೈಟ್ರೇಟ್ ಅಪಕರ್ಷಣಗೊಂಡು ಆ ಜಾಗವಷ್ಟೇ ಕ್ಷಾರವಾಗುತ್ತದೆ, ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ತೆಳು ಕಂದು ಪದರವಾಗಿ ಅಲ್ಲೇ ಕೂರುತ್ತದೆ. ಬೇಗ ಮುಗಿಸೋಣವೆಂದು ಕರೆಂಟ್ ಏರಿಸಿದರೆ ಗುಳ್ಳೆಗಳ ಒದೆತಕ್ಕೆ ಪದರ ಚಕ್ಕೆಯೇಳುತ್ತದೆ. ದ್ರಾವಣವನ್ನು ಅಂದಂದೇ ಮಾಡಿ. ಇಟ್ಟರೆ ಕಬ್ಬಿಣ ಗಷ್ಟಾಗಿ ತಳಕ್ಕಿಳಿಯಬಹುದು. ನಿಕಲ್ ಲವಣ ಕ್ಯಾನ್ಸರ್‌ಕಾರಕ, ಕೈಗವಸು ಬಿಡಬೇಡಿ. ಉಳಿದ ದ್ರಾವಣ ಸಿಂಕಿಗೆ ಹೋಗಬಾರದು.

ಈಗ ಪರೀಕ್ಷೆ. 1 ಮೋಲಾರ್ ಕಾಸ್ಟಿಕ್ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ ಬೇಕು. ಲೆಕ್ಕಕ್ಕೆ 100 ಮಿ.ಲೀ.ಗೆ 5.6 ಗ್ರಾಂ, ಆದರೆ ಅಂಗಡಿಯ ಗುಳಿಗೆ ಸಾಮಾನ್ಯವಾಗಿ 85% ಶುದ್ಧ, ಹಾಗಾಗಿ 6.6 ಗ್ರಾಂ ತೂಗಿ. ಗುಳಿಗೆಯನ್ನು ನೀರಿಗೆ ಹಾಕಿ, ಗುಳಿಗೆಯ ಮೇಲೆ ನೀರು ಸುರಿಯಬೇಡಿ, ಕಾದು ಸಿಡಿಯುತ್ತದೆ. ಕನ್ನಡಕ ಕಡ್ಡಾಯ. ಮೊದಲು ಖಾಲಿ ನಿಕಲ್ ಜಾಲರಿಯನ್ನು ಪ್ಲಸ್‌ಗೆ ಕಟ್ಟಿ 40 ಮಿಲಿಆಂಪಿಯರ್ ಬಿಟ್ಟು 10 ನಿಮಿಷದ ನಂತರ ವೋಲ್ಟೇಜ್ ಬರೆದುಕೊಳ್ಳಿ, ಆಮೇಲೆ ಲೇಪಿಸಿದ್ದು. ಎರಡು ಸಲವೂ ಮೈನಸ್‌ಗೆ ಅದೇ ನಿಕಲ್ ತುಂಡು, ಅದೇ ಅಂತರ. ಲೇಪಿಸಿದ್ದರಲ್ಲಿ 0.1 ವೋಲ್ಟ್ ಆಸುಪಾಸು ಇಳಿದರೆ ನಿಮ್ಮ ಪದರ ಸರಿಯಾಗಿ ಕೂತಿದೆ ಎಂದರ್ಥ. ವೋಲ್ಟೇಜ್ 1.23ಕ್ಕಿಂತ ಕೆಳಗೆ ತೋರಿಸಿತೋ, ನೀರು ಒಡೆಯುತ್ತಿಲ್ಲ, ಬೇರೇನೋ ನಡೆದಿದೆ. ಸಾಮಾನ್ಯವಾಗಿ ಕ್ರೊಕೊಡೈಲ್ ಕ್ಲಿಪ್ ಕ್ಷಾರದಲ್ಲಿ ಮುಳುಗಿ ಅದರ ಲೋಹವೇ ತಿಂದುಹೋಗುತ್ತಿರುತ್ತದೆ.

ಖಾಲಿ ಜಾಲರಿ ಮೊದಲು ಯಾಕೆ ಅಂತೀರಾ? ಕಾಸ್ಟಿಕ್ ಪೊಟ್ಯಾಷ್‌ನಲ್ಲೇ ಇರುವ ಕಬ್ಬಿಣದ ಕಲ್ಮಶ ನಿಕಲ್‌ಗೆ ಹತ್ತಿ ಅದನ್ನೂ ಚುರುಕು ಮಾಡುತ್ತದೆ. ಕಬ್ಬಿಣದ ಈ ಕೈವಾಡವನ್ನು 1987ರಲ್ಲಿ ವಿಜ್ಞಾನಿ ಡೆನ್ನಿಸ್ ಕಾರಿಗನ್ ತೋರಿಸಿಕೊಟ್ಟರು. ಅಲ್ಲಿಯತನಕ ಶುದ್ಧ ನಿಕಲ್‌ನದೆಂದು ಬರೆದಿಟ್ಟ ಎಷ್ಟೋ ಅಂಕಿಗಳನ್ನು ಅನುಮಾನದಿಂದಲೇ ನೋಡಬೇಕು.

ಪ್ರಶ್ನೆ: ಬೋರ್‌ವೆಲ್ ನೀರಿಗೆ ಒಂದು ಚಮಚ ಉಪ್ಪು, ಎರಡು ಸ್ಟೀಲ್ ಪಟ್ಟಿ. ಇಷ್ಟು ಸಾಲದೇ?
– ಓದುಗರು, ಶಹಾಬಾದ್

ಉತ್ತರ: ಬೇಡವೇ ಬೇಡ. ಉಪ್ಪಿದ್ದರೆ ಪ್ಲಸ್ ಕಡೆ ಕ್ಲೋರಿನ್ ಅನಿಲ ಬರುತ್ತದೆ. ಸ್ಟೀಲ್‌ನ ಕ್ರೋಮಿಯಂ ಕರಗಿ ನೀರು ಹಳದಿಗೆ ತಿರುಗಿದರೆ ಅದು ವಿಷಕಾರಿ ಆರು ವೇಲೆನ್ಸಿಯ ಕ್ರೋಮಿಯಂ. ಇನ್ನು ನಿಮ್ಮ ಊರು ಸುಣ್ಣಗಲ್ಲಿನ ಮೇಲೆ ಕೂತಿದೆ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಮೈನಸ್ ಪಟ್ಟಿಯ ಮೇಲೂ ಕಟ್ಟಿ ವೇಗವರ್ಧಕವನ್ನು ಮುಚ್ಚಿಹಾಕುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಬಳಸಿ.

ಪ್ರಶ್ನೆ: ಬಿದ್ರಿ ಕೆಲಸದ ಲೋಹದ ಚೂರು ಕಾಸ್ಟಿಕ್‌ನಲ್ಲಿ ಹಾಕಿದರೆ ಕರೆಂಟ್ ಇಲ್ಲದೆಯೂ ಗುಳ್ಳೆ ಬರುತ್ತವೆ. ಇದೂ ವೇಗವರ್ಧಕವೇ?
– ಓದುಗರು, ಬೀದರ್

ಉತ್ತರ: ಅಲ್ಲ. ಬಿದ್ರಿ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಸತು ಕ್ಷಾರದಲ್ಲಿ ಕರಗುತ್ತ ತಾನೇ ಹೈಡ್ರೋಜನ್ ಬಿಡುತ್ತದೆ. ಚೂರನ್ನು ಮೊದಲೊಮ್ಮೆ, ಕೊನೆಗೊಮ್ಮೆ ತೂಗಿ ನೋಡಿ. ವೇಗವರ್ಧಕವಾಗಿದ್ದರೆ ತೂಕ ಇಳಿಯುತ್ತಿರಲಿಲ್ಲ.

ಪ್ರಶ್ನೆ: ಸೋಲಾರ್ ಪ್ಯಾನೆಲ್‌ನಿಂದ ಹೈಡ್ರೋಜನ್ ಮಾಡಿ ಗ್ಯಾಸ್ ಸಿಲಿಂಡರ್ ಬಿಡಬಹುದೇ? ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.
– ಓದುಗರು, ಯಾದಗಿರಿ

ಉತ್ತರ: ಲೆಕ್ಕ ಹಾಕೋಣ. 14.2 ಕೆಜಿ ಸಿಲಿಂಡರಿನಷ್ಟು ಶಾಖಕ್ಕೆ ಸುಮಾರು ಐದೂವರೆ ಕೆಜಿ ಹೈಡ್ರೋಜನ್ ಬೇಕು. ಒಂದು ಕೆಜಿ ತೆಗೆಯಲು ಒಳ್ಳೆಯ ಯಂತ್ರಕ್ಕೂ 50ರಿಂದ 55 ಯೂನಿಟ್ ಕರೆಂಟ್. ಒಟ್ಟು 280 ಯೂನಿಟ್ ಸಮೀಪ. ಅದೇ ಕರೆಂಟನ್ನು ಇಂಡಕ್ಷನ್ ಒಲೆಗೆ ಕೊಟ್ಟರೆ ಅದರ ಎರಡರಷ್ಟು ಅಡುಗೆ ಆದೀತು. ವೇಗವರ್ಧಕ ಎಷ್ಟೇ ಒಳ್ಳೆಯದಿರಲಿ, ಪೋಲಾಗುವ ವೋಲ್ಟೇಜನ್ನು ತಗ್ಗಿಸುತ್ತದೆಯೇ ಹೊರತು ನೀರು ಕೇಳುವ ಶಕ್ತಿಯನ್ನಲ್ಲ.

ಬರೀ ಪ್ರಯೋಗಕ್ಕಾದರೆ, ‘12 ವೋಲ್ಟ್’ ಪ್ಯಾನೆಲ್ ಬಿಸಿಲಲ್ಲಿ ಕೊಡುವುದು 17 ವೋಲ್ಟ್ ಆಸುಪಾಸು, ಕಾದಾಗ ಇನ್ನೂ ಕಡಿಮೆ. ಒಂದೊಂದು ಕೋಶಕ್ಕೆ 2 ವೋಲ್ಟ್‌ನಂತೆ ಎಂಟು ಕೋಶಗಳನ್ನು ಸಾಲಾಗಿ ಜೋಡಿಸಿ. 1 ಆಂಪಿಯರ್ ಒಂದು ಗಂಟೆ ಹರಿದರೆ ಪ್ರತಿ ಕೋಶದಿಂದ ಸುಮಾರು 450 ಮಿ.ಲೀ. ಹೈಡ್ರೋಜನ್. ಅದನ್ನು ಆಮ್ಲಜನಕದ ಜತೆ ಒಂದೇ ಪೈಪಿನಲ್ಲಿ ಬಿಡಬೇಡಿ, ಡಬ್ಬಿಯಲ್ಲಿ ತುಂಬಿಡಬೇಡಿ. ಗಾಳಿಯಲ್ಲಿ 4ರಿಂದ 75 ಶೇಕಡ ಬೆರೆತರೆ ಸಾಕು, ಸ್ವಿಚ್ಚಿನ ಕಿಡಿಗೂ ಹೊತ್ತಿಕೊಳ್ಳುತ್ತದೆ. ಒಂದು ಪ್ರನಾಳದಷ್ಟು ಹಿಡಿದು ತೋರಿಸಿ, ಉಳಿದದ್ದು ಪೈಪಿನಲ್ಲಿ ನೇರ ಬಯಲಿಗೆ ಹೋಗಲಿ.