ಸ್ಲೈಡ್ ಹಂಚಿಕೊಳ್ಳಬೇಡಿ, ಪ್ರಶ್ನೆ ಹಂಚಿಕೊಳ್ಳಿ

ನೀವು ಕೇಳಿದ್ದು ಇಷ್ಟು: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಈಗ ಮಡಿಕೇರಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷ. ಐದು ಜನ ಸೇರಿ ಹಾವು ಕಡಿತದ ಬಗ್ಗೆ ಇಂಗ್ಲಿಷಿನಲ್ಲಿ ಪ್ರೆಸೆಂಟೇಷನ್ ಕೊಡಬೇಕು. ಆಮೇಲೆ ಅದನ್ನೇ ಸಾವಿರ ಪದಗಳಲ್ಲಿ ಬರೆದು ಒಪ್ಪಿಸಬೇಕು. ಇಂಗ್ಲಿಷ್ ಚೆನ್ನಾಗಿ ಬರುವವರು ಮುಖ್ಯ ಭಾಗವನ್ನೆಲ್ಲ ತಗೊಂಡು ನಿಮಗೆ ಕೊನೆಯ ಒಂದು ಸ್ಲೈಡ್ ಬಿಟ್ಟಿದ್ದಾರೆ. ಈಗ ಏನು ಮಾಡಲಿ ಅಂತ.

ನಾನು ಸೋಮವಾರಪೇಟೆ ತಾಲ್ಲೂಕಿನವಳು, ಸರ್ಕಾರಿ ಶಾಲೆಯಲ್ಲೇ ಓದಿದವಳು. ಇಂಗ್ಲಿಷ್ ಪಾಠ ಮಾಡುತ್ತೇನೆ. ಮೆಡಿಕಲ್, ಡೆಂಟಲ್, ನರ್ಸಿಂಗ್ ಓದುವ ಮಕ್ಕಳು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಕೊನೆಯ ಸ್ಲೈಡ್ ವಾಪಸ್ ಕೊಡಿ. ಜಗಳ ಮಾಡಬೇಕಾಗಿಲ್ಲ, ಹಂಚಿಕೊಳ್ಳುವ ರೀತಿ ಬದಲಿಸೋಣ ಅಂತ ಹೇಳಿ. ಇಪ್ಪತ್ತು ಸ್ಲೈಡ್ ಇದ್ದರೆ ತಲೆಗೆ ನಾಲ್ಕು ಅಂತ ಲೆಕ್ಕ ಹಾಕಿ ಹಂಚುವುದು ರೂಢಿ. ಹಾಗೆ ಮಾಡಿದಾಗ ಯಾರ ಮಾತಿಗೂ ತಲೆಬುಡ ಇರುವುದಿಲ್ಲ. ಒಬ್ಬರು ಅರ್ಧ ಹೇಳಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಎಲ್ಲಿಂದಲೋ ಎತ್ತಿಕೊಳ್ಳುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬರದವರಿಗೆ ಇದರಲ್ಲಿ ಜಾಸ್ತಿ ಕಷ್ಟ. ಯಾಕೆಂದರೆ ಮಾತಿನ ದಾರಿ ಗೊತ್ತಿಲ್ಲದಿದ್ದಾಗ ಪದವೂ ಬಾಯಿಗೆ ಬರುವುದಿಲ್ಲ.

ಸ್ಲೈಡಿನ ಬದಲು ಪ್ರಶ್ನೆಗಳನ್ನು ಹಂಚಿಕೊಳ್ಳಿ. ನಿಮ್ಮ ವಿಷಯಕ್ಕೆ ಪ್ರಶ್ನೆಗಳು ತಾವಾಗಿಯೇ ಸಿಗುತ್ತವೆ. ಇಲ್ಲಿ ಹಾವು ಯಾರಿಗೆ, ಯಾವ ಕೆಲಸ ಮಾಡುವಾಗ ಕಡಿಯುತ್ತೆ? ಆಸ್ಪತ್ರೆಗೆ ಬರುವ ಮೊದಲು ಏನು ಮಾಡಬೇಕು, ಏನು ಮಾಡಲೇಬಾರದು? ವಿಷ ಏರಿದೆಯೋ ಇಲ್ಲವೋ ಅಂತ ಡಾಕ್ಟರ್ ಹೇಗೆ ತೀರ್ಮಾನಿಸುತ್ತಾರೆ? ಯಾವ ಔಷಧಿ ಕೊಡುತ್ತಾರೆ, ಅದು ಯಾವ ಹಾವಿಗೆ ಕೆಲಸ ಮಾಡುವುದಿಲ್ಲ? ಸರ್ಕಾರ ಇದಕ್ಕೆ ಏನು ಮಾಡಿದೆ? ಐದು ಪ್ರಶ್ನೆ, ಐದು ಜನ. ಒಬ್ಬೊಬ್ಬರೂ ಒಂದು ಪ್ರಶ್ನೆ ಎತ್ತಿ, ಅದಕ್ಕೆ ಪೂರ್ತಿ ಉತ್ತರ ಕೊಟ್ಟು ಕೂರಬೇಕು. ನೀವು ನಾಲ್ಕನೆಯದನ್ನು ಕೇಳಿ ತಗೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಹಾಸ್ಟೆಲಿನಲ್ಲಿ ಒಂದು ಸಂಜೆ ಐವರೂ ಕೂತು ಇಡೀ ವಿಷಯವನ್ನು ಕನ್ನಡದಲ್ಲಿ ಮಾತಾಡಿ. ಕಲಬುರಗಿಯ ಹುಡುಗ ಅವನ ಕನ್ನಡದಲ್ಲಿ ಹೇಳಲಿ, ಪೊನ್ನಂಪೇಟೆಯ ಹುಡುಗಿ ಅವಳ ಕನ್ನಡದಲ್ಲಿ ಹೇಳಲಿ. ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಔಷಧಿ), ಕ್ಲಾಟಿಂಗ್ (ರಕ್ತ ಹೆಪ್ಪುಗಟ್ಟುವುದು), ಕಿಡ್ನಿ ಹೇಗೂ ಇಂಗ್ಲಿಷಿನಲ್ಲೇ ಬರುತ್ತವೆ, ಬರಲಿ. ಉಳಿದದ್ದು ಕನ್ನಡದಲ್ಲಿ ಸರಾಗವಾಗಿ ಬಂದರೆ ವಿಷಯ ಅರ್ಥವಾಗಿದೆ ಅಂತ ಲೆಕ್ಕ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಇನ್ನೊಮ್ಮೆ ಪುಸ್ತಕ ತೆಗೆಯಬೇಕು. ಮಕ್ಕಳು ಇಂಗ್ಲಿಷ್ ಸಮಸ್ಯೆ ಅಂತ ತರುವ ಎಷ್ಟೋ ತೊಂದರೆ ಹೀಗೆ ಪುಸ್ತಕ ತೆಗೆದಾಗಲೇ ಕಳೆಯುತ್ತೆ. ಗುಂಪಿನಲ್ಲಿ ಕನ್ನಡ ಬಾರದವರು ಒಬ್ಬರಿದ್ದರೆ ಹರುಕುಮುರುಕು ಇಂಗ್ಲಿಷಿನಲ್ಲೇ ಮಾತಾಡಿ. ಬರಹದ ಇಂಗ್ಲಿಷಿಗೆ ಮಾತ್ರ ಇನ್ನೂ ಕೈ ಹಾಕಬೇಡಿ.

ಇಂಗ್ಲಿಷಿಗೆ ದಾಟುವುದು ಹೇಗೆ ಅಂತ ಒಂದು ಉದಾಹರಣೆ ನೋಡಿ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಹೋಗುತ್ತೆ. ಅದನ್ನು ತಿಳಿಯಲು ರೋಗಿಯ ಪಕ್ಕದಲ್ಲೇ ಮಾಡುವ ಒಂದು ಪರೀಕ್ಷೆ ಇದೆ. 2 ಎಂಎಲ್ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಬಿಟ್ಟು, ಆಮೇಲೆ ವಾಲಿಸಿ ನೋಡುವುದು. ಪುಸ್ತಕದಲ್ಲಿ ಇದು ಮೂರು ಸಾಲಿನ ಒಂದೇ ವಾಕ್ಯವಾಗಿರುತ್ತೆ. ಮಕ್ಕಳು ಅದನ್ನು ಹಾಗೇ ಸ್ಲೈಡಿಗೆ ಹಾಕಿ ಓದುತ್ತಾರೆ, ಮಧ್ಯದಲ್ಲಿ ಉಸಿರು ಸಾಲುವುದಿಲ್ಲ. ನೀವು ಹೀಗೆ ಹೇಳಿ: "ವಿ ಟೇಕ್ ಟೂ ಎಂಎಲ್ ಆಫ್ ಬ್ಲಡ್. ವಿ ಪುಟ್ ಇಟ್ ಇನ್ ಎ ಕ್ಲೀನ್, ಡ್ರೈ ಗ್ಲಾಸ್ ಟ್ಯೂಬ್. ವಿ ಲೀವ್ ಇಟ್ ಫಾರ್ ಟ್ವೆಂಟಿ ಮಿನಿಟ್ಸ್. ದೆನ್ ವಿ ಟಿಲ್ಟ್ ಇಟ್. ಇಫ್ ದ ಬ್ಲಡ್ ಸ್ಟಿಲ್ ರನ್ಸ್, ಇಟ್ ಹ್ಯಾಸ್ ನಾಟ್ ಕ್ಲಾಟೆಡ್." ಐದು ವಾಕ್ಯ, ಒಂದೊಂದರಲ್ಲಿ ಒಂದೇ ಕೆಲಸ. ಇದು ಚಿಕ್ಕ ಮಕ್ಕಳ ಇಂಗ್ಲಿಷ್ ಅಂತ ಅನ್ನಿಸಬಹುದು. ಹಾಗೇನಿಲ್ಲ. ಕೇಳುವವರಿಗೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದುವ ಅವಕಾಶ ಇರುವುದಿಲ್ಲವಲ್ಲ, ಅವರಿಗೆ ಬೇಕಾಗಿರುವುದು ಇಂಥ ವಾಕ್ಯಗಳೇ.

ಗಾಜೇ ಯಾಕೆ, ಪ್ಲಾಸ್ಟಿಕ್ ಟ್ಯೂಬ್ ಆಗಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗಾಜಿನ ಮೇಲ್ಮೈ ತಗುಲಿದಾಗಲೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತೆ. ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಾದರೂ ಫಲಿತಾಂಶ ಕೆಡುತ್ತೆ. ಇಂಥ ಉತ್ತರ ಐವರಿಗೂ ಗೊತ್ತಿರಬೇಕು. ಅದಕ್ಕೆ ಹಿಂದಿನ ದಿನ ರಿಹರ್ಸಲ್ ಮಾಡುವಾಗ ಪಾತ್ರ ಅದಲು ಬದಲು ಮಾಡಿ. ನಿಮ್ಮ ಭಾಗವನ್ನು ಇನ್ನೊಬ್ಬರು ಹೇಳಲಿ, ಅವರದ್ದನ್ನು ನೀವು ಹೇಳಿ.

ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಮುಂದಿನದ್ದೆಲ್ಲ ಹೋಗುತ್ತೆ. ನಿಮ್ಮ ಭಾಗದ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ, ಇವೆರಡು ಮಾತ್ರ ಬಾಯಿಗೆ ಬರಲಿ. ಕೊನೆಯ ವಾಕ್ಯ ಮುಂದಿನವರಿಗೆ ಮಾತು ದಾಟಿಸಬೇಕು: ವಿಷ ಏರಿದ್ದು ಹೇಗೆ ತಿಳಿಯುತ್ತೆ ಅಂತ ನೋಡಿದೆವು, ಏರಿದ್ದರೆ ಏನು ಕೊಡಬೇಕು ಅಂತ ಇವರು ಹೇಳುತ್ತಾರೆ, ಅಷ್ಟೇ. ಪ್ರಶ್ನೆ ಅರ್ಥವಾಗದಿದ್ದರೆ "ಕುಡ್ ಯು ಪ್ಲೀಸ್ ರಿಪೀಟ್ ದ ಕ್ವೆಶ್ಚನ್, ಸರ್?" ಅಂತ ಧೈರ್ಯವಾಗಿ ಕೇಳಿ. ಉಚ್ಚಾರಣೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾವಿನ ಹೆಸರು, ಔಷಧಿಯ ಹೆಸರು, ಅಂಕಿಗಳು ಸ್ಪಷ್ಟವಾಗಿದ್ದರೆ ಸಾಕು. ಇನ್ನೊಂದು, ನಮ್ಮೂರಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಜುಲೈನಲ್ಲಿ ಕರೆಂಟ್ ನಂಬಿಕೊಂಡು ಪ್ರೆಸೆಂಟೇಷನ್‌ಗೆ ಹೋಗಬಾರದು. ಸ್ಲೈಡ್‌ಗಳ ಪ್ರಿಂಟ್ ಒಂದು ಕೈಯಲ್ಲಿರಲಿ.

ಈಗ ನಾಲ್ಕನೇ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆದರೆ ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಸಣ್ಣ ಹಾವು ಇದೆ. ತರಗೆಲೆಯ ಬಣ್ಣ, ತರಗೆಲೆಯ ಮಧ್ಯೆಯೇ ಇರುತ್ತೆ. ಇದು ಕಡಿದರೂ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕಿಡ್ನಿಗೆ ಪೆಟ್ಟಾಗುತ್ತೆ. ಈ ಆಂಟಿವೆನಮ್ ಅದಕ್ಕೆ ಕೆಲಸ ಮಾಡುವುದಿಲ್ಲ. ಸಣ್ಣ ಕೊಳಕುಮಂಡಲ ಅಥವಾ ಗರಗಸಮಂಡಲ ಅಂತ ತಪ್ಪು ತಿಳಿದು ಔಷಧಿ ಕೊಟ್ಟರೆ ಉಪಯೋಗವಿಲ್ಲ, ಔಷಧಿಯ ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತೆ. ಪಠ್ಯಪುಸ್ತಕ ಆ ನಾಲ್ಕು ಹಾವುಗಳ ಬಗ್ಗೆ ಪುಟಗಟ್ಟಲೆ ಹೇಳುತ್ತೆ. ಕಾಫಿ ತೋಟದಲ್ಲಿ ಕಳೆ ತೆಗೆಯುವಾಗ ಕೈಗೆ ಕಚ್ಚಿಸಿಕೊಂಡು ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲು ಮನೆ) ಬರುವ ಕೆಲಸದವರಿಗೆ ಸಂಬಂಧಪಟ್ಟಿದ್ದು ಈ ಮಾತು. ಕೊಡಗಿನಲ್ಲಿ ಓದುವ ಗುಂಪು ಇದನ್ನು ಹೇಳಲೇಬೇಕು. ನೀವು ಇದನ್ನು ಹೇಳಿದರೆ ನಿಮ್ಮ ವ್ಯಾಕರಣ ಯಾರೂ ಲೆಕ್ಕ ಹಾಕುವುದಿಲ್ಲ, ವಿಷಯ ಕೇಳುತ್ತಾರೆ. ಅದಕ್ಕೇ ಇದನ್ನೇ ತಗೊಳ್ಳಿ ಅಂದಿದ್ದು.

ಬರಹದ ವಿಚಾರ ಬೇರೆ. ಮಾತಿನಲ್ಲಿ "ವಿ ಟೇಕ್" ಅಂದದ್ದು, ಒಬ್ಬ ರೋಗಿಗೆ ಮಾಡಿದ್ದನ್ನು ಬರೆಯುವಾಗ "ಟೂ ಎಂಎಲ್ ಆಫ್ ಬ್ಲಡ್ ವಾಸ್ ಲೆಫ್ಟ್ ಇನ್ ಎ ಡ್ರೈ ಗ್ಲಾಸ್ ಟ್ಯೂಬ್ ಫಾರ್ ಟ್ವೆಂಟಿ ಮಿನಿಟ್ಸ್" ಅಂತಾಗುತ್ತೆ. ಯಾರು ಮಾಡಿದರು ಅನ್ನುವುದಕ್ಕಿಂತ ಏನು ಮಾಡಿದರು ಅನ್ನುವುದು ಅಲ್ಲಿ ಮುಖ್ಯ. ಆಗಿಹೋದದ್ದಕ್ಕೆ ಭೂತಕಾಲ, ಎಲ್ಲ ಕಾಲಕ್ಕೂ ನಿಜವಾದದ್ದಕ್ಕೆ ವರ್ತಮಾನ ಕಾಲ. ಕಾಲ ಸರಿಯಾಗಿದ್ದರೆ ಬರಹದ ಅರ್ಧ ತಪ್ಪು ಕಡಿಮೆಯಾಗುತ್ತೆ. ಒಂದು ಪ್ಯಾರಾಗೆ ಒಂದೇ ವಿಷಯ, ಆ ವಿಷಯ ಮೊದಲ ವಾಕ್ಯದಲ್ಲೇ ಇರಲಿ. ಪ್ರೆಸೆಂಟೇಷನ್‌ಗೆ ಹಂಚಿಕೊಂಡ ಐದು ಪ್ರಶ್ನೆಗಳೇ ಇಲ್ಲಿ ಐದು ಭಾಗಗಳಾಗುತ್ತವೆ. ಮುಂದೆ ನೀವೇ ಅಧ್ಯಯನ ಮಾಡಿ ಬರೆದರೆ ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಅನ್ನುವ ನಾಲ್ಕು ಭಾಗದ ಅಚ್ಚು ಬೇಕಾಗುತ್ತೆ. ಈ ಸಾವಿರ ಪದಕ್ಕೆ ಅದನ್ನು ಸುಮ್ನೆ ಎಳೆದು ತರಬೇಡಿ.

ಅಂಕಿ ಬರೆಯುವಾಗ ಅದು ಎಲ್ಲಿಯದು, ಯಾವ ವರ್ಷದ್ದು, ಎರಡೂ ಇರಲಿ. "ಭಾರತದಲ್ಲಿ ಹಾವು ಕಡಿದು ತುಂಬಾ ಜನ ಸಾಯುತ್ತಾರೆ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರು ಅಂತ 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತೆ. ಇದರಲ್ಲಿ ಅವಧಿ ಇದೆ, ಅದು ಅಂದಾಜು ಅನ್ನುವುದೂ ಇದೆ. ಐದನೇ ಪ್ರಶ್ನೆಯವರಿಗೂ ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿಸಿದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಕರ್ನಾಟಕ ಸರ್ಕಾರ ಆದೇಶ ಮಾಡಿದ್ದು 2024ರಲ್ಲಿ. ಸಾವುಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಕೇಂದ್ರದ ಯೋಜನೆ ಬಂದದ್ದೂ ಅದೇ ವರ್ಷ. ಎಲ್ಲಿಂದ ತಗೊಂಡಿರಿ ಅನ್ನುವುದಕ್ಕೆ ವ್ಯಾಂಕೂವರ್ ಪದ್ಧತಿಯಲ್ಲಿ ಬರಹದೊಳಗೆ 1, 2, 3 ಅಂತ ಬರುವ ಕ್ರಮದಲ್ಲೇ ನಂಬರ್ ಹಾಕಿ, ಕೊನೆಯಲ್ಲಿ ಪಟ್ಟಿ ಕೊಡುತ್ತಾರೆ. ಬರೆಯುತ್ತಿರುವಾಗಲೇ ಹಾಕಿಕೊಳ್ಳಿ. ಆಮೇಲೆ ಹುಡುಕುತ್ತಾ ಕೂತರೆ ಒಂದು ರಾತ್ರಿ ಹೋಗುತ್ತೆ.

ಕಾಪಿ ಬಗ್ಗೆ ನನಗೆ ಖಡಕ್ ಅಭಿಪ್ರಾಯ ಇದೆ. ಬೇರೆಯವರ ವಾಕ್ಯದಲ್ಲಿ ನಾಲ್ಕು ಪದ ಬದಲಿಸಿದರೆ ಅದು ನಿಮ್ಮದಾಗುವುದಿಲ್ಲ. ಆ ಭಾಗ ಓದಿ, ಮುಚ್ಚಿಡಿ, ಗೆಳತಿಗೆ ಕನ್ನಡದಲ್ಲಿ ಹೇಳಿ. ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಮೂಲ ತೆಗೆದು ಅಂಕಿ, ಹೆಸರು ಸರಿಯಿದೆಯಾ ಅಂತ ನೋಡಿ. ಮೊಬೈಲಿನ ಅನುವಾದದ ಆಪ್‌ನಲ್ಲಿ ಒಂದು ಪದ ಹುಡುಕಿದರೆ ತಪ್ಪಿಲ್ಲ. ಇಡೀ ಪ್ಯಾರಾ ಅದರಿಂದ ಬರೆಸಿದರೆ ನಾಳೆ ರೋಗಿಯ ಕೇಸ್ ಶೀಟ್ ಬರೆಯುವಾಗ ಕೈ ಓಡುವುದಿಲ್ಲ. ಅಭ್ಯಾಸಕ್ಕೆ ಬೇರೆ ದಾರಿ ನಿಮ್ಮ ಕೈಯಲ್ಲೇ ಇದೆ. ಹಳ್ಳಿಯ ಕುಟುಂಬಗಳನ್ನು ದತ್ತು ತಗೊಂಡು ಭೇಟಿ ಮಾಡುವ ಕಾರ್ಯಕ್ರಮ ನಿಮ್ಮ ಕೋರ್ಸಿನಲ್ಲಿ ಇದೆಯಲ್ಲ, ಅಲ್ಲಿ ಕನ್ನಡದಲ್ಲಿ ಕೇಳಿದ್ದನ್ನು ಅವತ್ತೇ ಲಾಗ್ ಬುಕ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದುಬಿಡಿ. ಯೂನಿವರ್ಸಿಟಿ ಪರೀಕ್ಷೆಯ ಉತ್ತರಗಳಿಗೂ ಇದರಿಂದಲೇ ಕೈ ಪಳಗುತ್ತೆ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ತುಂಬಾ ಹುಷಾರಾಗಿರಿ. ವಾರ್ಡಿನಲ್ಲಿ ನೋಡಿದ ರೋಗಿಯ ಕಥೆ ಹಾಕಬೇಕು ಅನ್ನಿಸುತ್ತೆ. ಹೆಸರು ಹಾಕುವುದಿಲ್ಲ, ಮುಖದ ಫೋಟೋ ಹಾಕುವುದಿಲ್ಲ, ಸಾಕಲ್ವಾ ಅಂತ ಮಕ್ಕಳು ಕೇಳುತ್ತಾರೆ. ಬೆಂಗಳೂರಿನಲ್ಲಾದರೆ ಸಾಕಾಗಬಹುದೇನೋ, ಇಲ್ಲಿ ಸಾಕಾಗುವುದಿಲ್ಲ. ಕೊಡಗು ಸಣ್ಣ ಜಿಲ್ಲೆ. ಊರು, ವಯಸ್ಸು, ಯಾವ ತೋಟ ಅಂತ ಬರೆದರೆ ಕ್ಲಾಸಿನಲ್ಲೇ ಯಾರಾದರೂ "ಓ, ಅವರ ಮನೆಯವರಾ" ಅನ್ನುತ್ತಾರೆ. ಇಲ್ಲಿ ಮನೆ ಹೆಸರು ಹೇಳಿದರೆ ಮೂರು ತಲೆಮಾರು ಗೊತ್ತಾಗುತ್ತೆ. ಹಾಗಾಗಿ "ನಲವತ್ತು ದಾಟಿದ, ತೋಟದಲ್ಲಿ ಕೆಲಸ ಮಾಡುವ ಮಹಿಳೆ" ಅನ್ನುವಷ್ಟಕ್ಕೆ ನಿಲ್ಲಿಸಿ. ಊರು ಬೇಡ, ತಾರೀಖು ಬೇಡ. ಗಾಯದ ಫೋಟೋ ಹಾಕುವುದಾದರೆ ರೋಗಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ತಗೊಳ್ಳಬೇಕು, ಪ್ರೊಫೆಸರ್ ಅನುಮತಿಯೂ ಬೇಕು. ಎರವ ಬುಡಕಟ್ಟಿನ ಭಾಷೆ ಮಾತಾಡುವ ಅಜ್ಜಿಗೆ ಕನ್ನಡದಲ್ಲಿ ಗಡಿಬಿಡಿಯಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗುವುದಿಲ್ಲ.

ಬರಹ ಒಪ್ಪಿಸುವ ಮೊದಲು ಇನ್ನೊಂದು ಕೆಲಸ ಇದೆ. ಐದು ಜನ ಬರೆದದ್ದು ಐದು ತರ ಇರುತ್ತೆ. ಒಬ್ಬರು ಬ್ರಿಟಿಷ್ ಸ್ಪೆಲಿಂಗ್, ಇನ್ನೊಬ್ಬರು ಅಮೆರಿಕನ್, ಒಬ್ಬರು ಒಂದೇ ಔಷಧಿಗೆ ಮೂರು ಹೆಸರು. ಒಬ್ಬರು ಕೂತು ಇದನ್ನೆಲ್ಲ ಒಂದೇ ಸಮ ಮಾಡಲಿ. ಆಮೇಲೆ ನೀವು ಇಡೀ ಬರಹವನ್ನು ಜೋರಾಗಿ ಓದಿ, ಉಳಿದ ನಾಲ್ವರು ಪೆನ್ಸಿಲ್ ಹಿಡಿದು ಕೇಳಲಿ. ನೀವು ಎಡವಿದ ಕಡೆಯೆಲ್ಲ ಗೆರೆ ಎಳೆಯಲಿ. ಆ ವಾಕ್ಯಗಳನ್ನು ಎರಡಾಗಿ ಒಡೆದು, ಪ್ರಿಂಟ್ ತೆಗೆಸಿ ಕೊಟ್ಟುಬಿಡಿ.